ಹೆದ್ದಾರಿ ಗಸ್ತು ಕಾರು: ಅಂದಕ್ಕಿಂತ ದೂರಕ್ಕೆ ಕಾಣೋದೇ ಮುಖ್ಯ

ಕಮಲನಗರ: ಸ್ಪರ್ಧೆಗೆ ಹೆದ್ದಾರಿ ಗಸ್ತು ಕಾರಿನ ಚಿತ್ರ ಬಿಡಿಸೋರು ಸೈರನ್, ಲೈಟಿನಿಂದ ಶುರು ಮಾಡ್ತಾರೆ. ಆದರೆ ಮೊದಲು ಗಮನ ಕೊಡಬೇಕಾದ್ದು ಕಾರಿನ ಹಿಂಭಾಗಕ್ಕೆ. ಬೀದರ್–ಉದಗೀರ್ ರಸ್ತೆಯಂಥ ಕಡೆ ರಾತ್ರಿ ಅಪಘಾತದ ಜಾಗದಲ್ಲಿ ನಿಂತ ಗಸ್ತು ಕಾರಿಗೇ ಹಿಂದಿನಿಂದ ಲಾರಿ ಗುದ್ದುವ ಅಪಾಯ ಇರ್ತದೆ.

ಗಂಟೆಗೆ 80 ಕಿ.ಮೀ. ವೇಗದ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಓಡ್ತದೆ. ಹಾಗಾಗಿ ಕಾರು ದೂರದಿಂದಲೇ ಕಾಣಬೇಕು. ಬ್ರಿಟನ್‌ನಲ್ಲಿ 1990ರ ದಶಕದಲ್ಲಿ ಬಂದ ಹಳದಿ–ನೀಲಿ ಚೌಕಗಳ ‘ಬ್ಯಾಟನ್‌ಬರ್ಗ್’ ವಿನ್ಯಾಸದ ಗುರಿ 500 ಮೀಟರ್. ರೇಡಿಯಂ ಪಟ್ಟಿ ಹೆಡ್‌ಲೈಟ್ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸ್ತದೆ, ಬ್ಯಾಟರಿ ಬೇಕಿಲ್ಲ.

ನಮ್ಮದು ಗಡಿ ತಾಲ್ಲೂಕು. 112 ಅಂಕಿ ದೊಡ್ಡದಾಗಿರಲಿ; ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ತುರ್ತಿಗೆ ಅದೇ ನಂಬರ್. ಇದೆಲ್ಲ ಚಿತ್ರಕ್ಕೆ ಮಾತ್ರ, ಸ್ವಂತ ಗಾಡಿ ಮೇಲೆ ಪೊಲೀಸ್ ಗುರುತು ಬರೆಸಬೇಡಿ.