ಗುಲ್ಮಾರ್ಗ್‌ಗೆ ಸ್ಕೀಯಿಂಗ್‌ಗೆ ಹೊರಟಿದ್ದೀರಾ? ತರಬೇತಿ, ಪ್ರಯಾಣ, ಸುರಕ್ಷತೆ ಬಗ್ಗೆ ಮೊದಲು ಇದನ್ನು ತಿಳಿದುಕೊಳ್ಳಿ

ಚಳಿಗಾಲ ಬಂತೆಂದರೆ ಮುಂಬೈ, ಪುಣೆ, ಹೈದರಾಬಾದ್, ಚೆನ್ನೈನಿಂದ ಕಾಶ್ಮೀರಕ್ಕೆ ಹೊರಡುವವರ ಪಟ್ಟಿಯಲ್ಲಿ ಗುಲ್ಮಾರ್ಗ್ ಇದ್ದೇ ಇರುತ್ತದೆ. ಹಿಮ ನೋಡಿ ಫೋಟೊ ತೆಗೆಸಿಕೊಂಡು ಬಂದರೆ ಸಾಕು ಎನ್ನುವವರ ನಡುವೆ, ಈ ಸಲ ಸ್ಕೀಯಿಂಗ್ ಕಲಿತೇ ಬರಬೇಕು ಎನ್ನುವವರೂ ಇದ್ದಾರೆ. ಆಸೆ ಒಳ್ಳೆಯದೇ. ಆದರೆ ಒಂದು ವಿಷಯ ನೆನಪಿರಲಿ. ಗುಲ್ಮಾರ್ಗ್‌ನ ಗೊಂಡೊಲಾ ಕೇಬಲ್ ಕಾರ್ ಟಿಕೆಟ್ ಇದ್ದವರನ್ನೆಲ್ಲ ಸುಮಾರು 3,950 ಮೀಟರ್ ಎತ್ತರದ ಅಫರ್ವಾಟ್‌ವರೆಗೆ ಕರೆದೊಯ್ಯುತ್ತದೆ. ಅಲ್ಲಿಂದ ಸ್ಕೀ ಮೇಲೆ ಕ್ಷೇಮವಾಗಿ ಇಳಿಯುವ ಕೌಶಲ ಮಾತ್ರ ಟಿಕೆಟ್ ಜೊತೆ ಬರುವುದಿಲ್ಲ.

ಹವ್ಯಾಸಕ್ಕಾಗಿ ಸ್ಕೀಯಿಂಗ್ ಮಾಡುವವರು ಖರ್ಚಿನ ಬಹುಪಾಲನ್ನು ಹೋಟೆಲ್ ಮತ್ತು ಜಾಕೆಟ್‌ಗೆ ಸುರಿಯುತ್ತಾರೆ. ತರಬೇತಿಗೆ ಉಳಿಯುವುದು ಒಂದೆರಡು ಗಂಟೆ. ಈ ಲೆಕ್ಕವನ್ನು ತಿರುಗಿಸಿದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ.

ಒಂದು ಗಂಟೆಯ ಪ್ಯಾಕೇಜ್ ತರಬೇತಿಯಲ್ಲ

ಗುಲ್ಮಾರ್ಗ್‌ನಲ್ಲಿ ಕಾರಿನಿಂದ ಇಳಿಯುತ್ತಿದ್ದಂತೆ ‘ಒಂದು ಗಂಟೆ ಸ್ಕೀಯಿಂಗ್’ ಎಂದು ಕರೆಯುವವರು ಎದುರಾಗುತ್ತಾರೆ. ಶೂ ಹಾಕಿಸಿ, ಕೈ ಹಿಡಿದು ಒಂದೆರಡು ಸಲ ಜಾರಿಸುತ್ತಾರೆ. ಮೋಜಿಗೆ ಅದು ಸರಿ, ಆದರೆ ಅದರಿಂದ ಸ್ಕೀಯಿಂಗ್ ಬರುವುದಿಲ್ಲ.

ನಿಜವಾಗಿ ಕಲಿಯಬೇಕೆಂದರೆ ಕನಿಷ್ಠ ಮೂರ್ನಾಲ್ಕು ದಿನ ಮೀಸಲಿಡಿ. ಅದಕ್ಕಿರುವ ದಾರಿಗಳು ಎರಡು.

ಮೊದಲನೆಯದು ಸರ್ಕಾರಿ ಸಂಸ್ಥೆಗಳ ಕೋರ್ಸ್. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿ ಬರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಆ್ಯಂಡ್ ಮೌಂಟೇನಿಯರಿಂಗ್ ಇದೆ. ಉತ್ತರಾಖಂಡದ ಔಲಿಯಲ್ಲಿ ಗಢವಾಲ್ ಮಂಡಲ್ ವಿಕಾಸ್ ನಿಗಮ ಕೋರ್ಸ್ ನಡೆಸುತ್ತದೆ. ಹಿಮಾಚಲದ ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ. ಇಂಥ ಕೋರ್ಸ್‌ಗಳು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಇರುತ್ತವೆ. ಸೀಟುಗಳು ಕಡಿಮೆ, ಹೀಗಾಗಿ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು.

ಎರಡನೆಯದು ದಿನದ ಲೆಕ್ಕದಲ್ಲಿ ಖಾಸಗಿ ತರಬೇತುದಾರರನ್ನು ಗೊತ್ತು ಮಾಡಿಕೊಳ್ಳುವುದು. ಅವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ, ಯಾವ ಸಂಸ್ಥೆಯಲ್ಲಿ ತರಬೇತಿ ಪಡೆದಿದ್ದಾರೆ, ಒಂದು ತಂಡದಲ್ಲಿ ಎಷ್ಟು ಜನರಿಗೆ ಕಲಿಸುತ್ತಾರೆ ಎಂದು ಮೊದಲೇ ಕೇಳಿ. ದರದಲ್ಲಿ ಸ್ಕೀ, ಶೂ, ಹೆಲ್ಮೆಟ್ ಬಾಡಿಗೆ ಸೇರಿದೆಯೇ ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಿ.

ದಕ್ಷಿಣದವರಿಗೆ ಹಿಮದ ಆಟ ಒಗ್ಗುವುದಿಲ್ಲ ಎಂಬ ಅಳುಕು ಬೇಡ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಪದಕ ತಂದುಕೊಟ್ಟಿದ್ದಾರೆ.

ಮೊದಲು ನಿಲ್ಲುವುದು, ಆಮೇಲೆ ಜಾರುವುದು

ಒಳ್ಳೆಯ ತರಬೇತುದಾರರು ಮೊದಲ ದಿನವೇ ಎತ್ತರಕ್ಕೆ ಕರೆದೊಯ್ಯುವುದಿಲ್ಲ. ಪಾಠ ಹೀಗೆ ಸಾಗುತ್ತದೆ:

- ಸಮತಟ್ಟಾದ ಜಾಗದಲ್ಲಿ ಶೂ ಮತ್ತು ಸ್ಕೀ ಹಾಕಿಕೊಂಡು ನಡೆಯುವುದು
- ಪಕ್ಕಕ್ಕೆ ಬೀಳುವುದು, ಬಿದ್ದಲ್ಲಿಂದ ತಾವಾಗಿಯೇ ಏಳುವುದು
- ಎರಡೂ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ ವೇಗ ತಗ್ಗಿಸುವುದು. ಇದಕ್ಕೆ ‘ಸ್ನೋಪ್ಲೋ’ ಎನ್ನುತ್ತಾರೆ
- ಅದೇ ಭಂಗಿಯಲ್ಲಿ ಪೂರ್ತಿ ನಿಲ್ಲುವುದು
- ಎಡಕ್ಕೂ ಬಲಕ್ಕೂ ತಿರುಗುವುದು

ಬೇಕೆಂದ ಜಾಗದಲ್ಲಿ, ಬೇಕೆಂದ ಕ್ಷಣದಲ್ಲಿ ನಿಲ್ಲಲು ಬಂದ ಮೇಲಷ್ಟೇ ಲಿಫ್ಟ್ ಹತ್ತಬೇಕು. ಗೊಂಡೊಲಾದ ಮೊದಲ ಹಂತ ಸುಮಾರು 3,100 ಮೀಟರ್ ಎತ್ತರದ ಕೊಂಗ್‌ಡೋರಿವರೆಗೆ, ಎರಡನೇ ಹಂತ ಅಫರ್ವಾಟ್‌ವರೆಗೆ ಹೋಗುತ್ತದೆ. ಎರಡನೇ ಹಂತದ ಮೇಲಿನ ಇಳಿಜಾರುಗಳು ಅನುಭವಿಗಳಿಗೆ ಮಾತ್ರ. ಹೊಸಬರು ಅಲ್ಲಿಗೆ ಹೋಗಬಹುದು, ನೋಡಬಹುದು. ಆದರೆ ಕೇಬಲ್ ಕಾರ್‌ನಲ್ಲೇ ಕೆಳಗೆ ಬರಬೇಕು.

ಸ್ಕೀಯಿಂಗ್‌ಗೂ ಸಂಚಾರ ನಿಯಮಗಳಿವೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 10 ನಿಯಮಗಳನ್ನು ರೂಪಿಸಿದೆ. ಅದರಲ್ಲಿ ಮುಖ್ಯವಾದದ್ದು, ಕೆಳಗಡೆ ಇರುವವರಿಗೇ ಮೊದಲ ಹಕ್ಕು. ಮೇಲಿನಿಂದ ಬರುವವರು ಅವರನ್ನು ತಪ್ಪಿಸಿಕೊಂಡು ಹೋಗಬೇಕು. ದಾರಿಯ ಮಧ್ಯೆ, ತಿರುವಿನಲ್ಲಿ ಅಥವಾ ದಿಬ್ಬದ ಹಿಂದೆ ನಿಲ್ಲಬಾರದು. ಬಿದ್ದರೆ ಬೇಗ ಅಂಚಿಗೆ ಸರಿಯಬೇಕು.

ಹೆಲ್ಮೆಟ್ ಯಾಕೆ ಕಡ್ಡಾಯ?

2009ರ ಮಾರ್ಚ್‌ನಲ್ಲಿ ಬ್ರಿಟಿಷ್ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಮಾಂಟ್ ಟ್ರೆಂಬ್ಲಾಂಟ್‌ನಲ್ಲಿ ಸ್ಕೀಯಿಂಗ್ ಪಾಠದ ವೇಳೆ ಬಿದ್ದರು. ಅದು ಹೊಸಬರ ಇಳಿಜಾರು. ಅವರು ಹೆಲ್ಮೆಟ್ ಧರಿಸಿರಲಿಲ್ಲ. ಬಿದ್ದ ನಂತರ ಎದ್ದು ಮಾತನಾಡಿದರು, ವೈದ್ಯರ ನೆರವು ಬೇಡ ಎಂದರು. ಸ್ವಲ್ಪ ಹೊತ್ತಿನಲ್ಲಿ ತಲೆನೋವು ಶುರುವಾಯಿತು. ಎರಡು ದಿನಗಳಲ್ಲಿ ಅವರು ತೀರಿಕೊಂಡರು.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಸಣ್ಣ ಇಳಿಜಾರಿನಲ್ಲೂ ಹೆಲ್ಮೆಟ್ ಬೇಕು. ತಲೆಗೆ ಪೆಟ್ಟು ಬಿದ್ದರೆ ‘ಏನೂ ಆಗಿಲ್ಲ’ ಎಂದು ಸುಮ್ಮನಾಗದೆ ಆ ದಿನದ ಸ್ಕೀಯಿಂಗ್ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಹಾಗೆಂದು ಹೆಲ್ಮೆಟ್ ಇದ್ದರೆ ಎಲ್ಲಿ ಬೇಕಾದರೂ ಹೋಗಬಹುದು ಎಂದೂ ಅಲ್ಲ. ಫಾರ್ಮುಲಾ ಒನ್ ದಿಗ್ಗಜ ಮೈಕೆಲ್ ಶುಮಾಕರ್ 2013ರ ಡಿಸೆಂಬರ್ 29ರಂದು ಫ್ರಾನ್ಸ್‌ನ ಮೆರಿಬೆಲ್‌ನಲ್ಲಿ ಬಂಡೆಗೆ ತಲೆ ಬಡಿದು ಗಾಯಗೊಂಡಾಗ ಹೆಲ್ಮೆಟ್ ಧರಿಸಿದ್ದರು. ಅವರು ಗುರುತು ಹಾಕಿದ ದಾರಿಯಿಂದ ಆಚೆ ಹೋಗಿದ್ದರು.

ಬೈಕ್ ಹೆಲ್ಮೆಟ್ ಇದಕ್ಕೆ ಆಗುವುದಿಲ್ಲ. ಸ್ಕೀಯಿಂಗ್ ಹೆಲ್ಮೆಟ್ ಒಳಗೆ ‘ಇಎನ್ 1077’ ಅಥವಾ ‘ಎಎಸ್‌ಟಿಎಂ ಎಫ್2040’ ಎಂಬ ಗುರುತು ನೋಡಿ. ಬಾಡಿಗೆಗೆ ಪಡೆಯುವುದಾದರೆ ಬಿರುಕು ಬಿಟ್ಟದ್ದನ್ನು ಮುಟ್ಟಬೇಡಿ. ಎಲ್ಲ ಸಾಮಗ್ರಿಗಳಲ್ಲಿ ಒಂದನ್ನು ಮಾತ್ರ ಕೊಳ್ಳುವುದಾದರೆ ಹೆಲ್ಮೆಟ್ ಕೊಳ್ಳಿ, ಉಳಿದವನ್ನು ಬಾಡಿಗೆಗೆ ಪಡೆಯಿರಿ.

ಶೂ ಮತ್ತು ಬೈಂಡಿಂಗ್: ಅಂಗಡಿಯಲ್ಲಿ ನಿಜ ಹೇಳಿ

ಸ್ಕೀ ಶೂ ಬಿಗಿಯಾಗಿರಬೇಕು, ನೋವಾಗಬಾರದು. ನೆಟ್ಟಗೆ ನಿಂತಾಗ ಬೆರಳುಗಳು ಮುಂಭಾಗಕ್ಕೆ ಹಗುರವಾಗಿ ತಾಗಬೇಕು. ಮೊಣಕಾಲು ಬಗ್ಗಿಸಿದಾಗ ಬೆರಳು ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಚಳಿಯೆಂದು ಎರಡು ಮೂರು ಜೊತೆ ಸಾಕ್ಸ್ ಹಾಕುವುದು ತಪ್ಪು. ರಕ್ತಸಂಚಾರಕ್ಕೆ ಅಡ್ಡಿಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಮೊಣಕಾಲಿನ ಕೆಳಗಿನವರೆಗೆ ಬರುವ ಒಂದೇ ಜೊತೆ ಸಾಕು. ಬಾಡಿಗೆ ಶೂ ಒಳಗೆ ಕೈ ಹಾಕಿ ಒಣಗಿದೆಯೇ ನೋಡಿ.

ಶೂವನ್ನು ಸ್ಕೀಗೆ ಜೋಡಿಸುವ ಭಾಗಕ್ಕೆ ಬೈಂಡಿಂಗ್ ಎನ್ನುತ್ತಾರೆ. ಬಿದ್ದಾಗ ಅದು ಬಿಚ್ಚಿಕೊಂಡು ಕಾಲನ್ನು ಬಿಡಬೇಕು. ಇಲ್ಲದಿದ್ದರೆ ಉದ್ದನೆಯ ಸ್ಕೀ ತಿರುಚಿಕೊಂಡಾಗ ಮೊಣಕಾಲಿಗೆ ಪೆಟ್ಟು. ಸ್ಕೀಯಿಂಗ್‌ನಲ್ಲಿ ಹೆಚ್ಚಾಗಿ ಗಾಯಗೊಳ್ಳುವುದು ಮೊಣಕಾಲೇ. ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಎಂಬುದನ್ನು ತೂಕ, ಎತ್ತರ, ವಯಸ್ಸು, ಶೂ ತಳದ ಉದ್ದ ಮತ್ತು ಸ್ಕೀಯಿಂಗ್ ಮಟ್ಟ ನೋಡಿ ಹೊಂದಿಸುತ್ತಾರೆ. ಸಂಕೋಚಕ್ಕೆ ತೂಕ ಕಡಿಮೆ ಹೇಳಿದರೆ ನಡುದಾರಿಯಲ್ಲೇ ಬಿಚ್ಚಿಕೊಳ್ಳಬಹುದು. ‘ನನಗೆ ಚೆನ್ನಾಗಿ ಬರುತ್ತದೆ’ ಎಂದು ಬಡಾಯಿ ಕೊಚ್ಚಿದರೆ ಬಿದ್ದಾಗಲೂ ಬಿಚ್ಚಿಕೊಳ್ಳದೆ ಹೋಗಬಹುದು. ಅಂಗಡಿಯವರು ಈ ವಿವರ ಕೇಳದೆ ಸ್ಕೀ ಕೊಟ್ಟರೆ ನೀವೇ ಕೇಳಿ, ಹೊಂದಿಸಿಕೊಳ್ಳಿ.

ಕಣ್ಣಿಗೆ ಗಾಗಲ್ಸ್, ಮುಖಕ್ಕೆ ಸನ್‌ಸ್ಕ್ರೀನ್ ಬೇಕೇ ಬೇಕು. ಹೊಸ ಹಿಮ ನೇರಳಾತೀತ ಕಿರಣಗಳ ಶೇ 80ರವರೆಗೆ ಪ್ರತಿಫಲಿಸುತ್ತದೆ. ಮೋಡವಿದ್ದರೂ ಕಣ್ಣು ಉರಿ, ಚರ್ಮ ಸುಡುವುದು ತಪ್ಪುವುದಿಲ್ಲ. ಜೀನ್ಸ್ ಮತ್ತು ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಒಳಗೆ ಥರ್ಮಲ್, ಮಧ್ಯೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟ್ ಧರಿಸಿ.

ಹಿಮಕುಸಿತ: ಹೆಲ್ಮೆಟ್ ಕಾಪಾಡದ ಅಪಾಯ

2023ರ ಫೆಬ್ರವರಿ 1ರಂದು ಅಫರ್ವಾಟ್‌ನಲ್ಲಿ ಸಂಭವಿಸಿದ ಹಿಮಕುಸಿತಕ್ಕೆ ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ಬಲಿಯಾದರು. 2024ರ ಫೆಬ್ರವರಿ 22ರಂದು ಗುಲ್ಮಾರ್ಗ್‌ನಲ್ಲೇ ರಷ್ಯಾದ ಒಬ್ಬರು ಮೃತಪಟ್ಟರು. 2010ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗ್‌ನಲ್ಲಿ ಸೇನೆಯ 17 ಯೋಧರು ಹಿಮದಡಿ ಸಿಲುಕಿ ಪ್ರಾಣ ಕಳೆದುಕೊಂಡಿದ್ದರು. ಪರ್ವತವನ್ನು ಬಲ್ಲವರಿಗೇ ಹೀಗಾಗುವ ಜಾಗದಲ್ಲಿ ಹೊಸಬರು ಗಡಿ ದಾಟಬಾರದು.

ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಜೋರಾಗಿ ಹಿಮ ಬಿದ್ದ ನಂತರದ ಒಂದೆರಡು ದಿನ ಅಪಾಯ ಹೆಚ್ಚು. ಹೊಸ ಹಿಮ ನೋಡಿ ಎಲ್ಲರಿಗೂ ಜಾರಬೇಕೆನಿಸುವುದೂ ಆಗಲೇ. ಅಪಾಯವನ್ನು 1ರಿಂದ 5ರವರೆಗಿನ ಮಟ್ಟದಲ್ಲಿ ಸೂಚಿಸಲಾಗುತ್ತದೆ. ದಿನದ ಎಚ್ಚರಿಕೆಯನ್ನು ಗೊಂಡೊಲಾದ ಸ್ಕೀ ಪೆಟ್ರೋಲ್ ಸಿಬ್ಬಂದಿಯ ಬಳಿ ಕೇಳಿ ತಿಳಿದುಕೊಳ್ಳಿ. ಹಗ್ಗ ಕಟ್ಟಿ ಮುಚ್ಚಿದ ದಾರಿಗೆ ಕಾಲಿಡಬೇಡಿ.

ಅನುಭವ ಬೆಳೆದು, ಮಾರ್ಗದರ್ಶಕರೊಂದಿಗೆ ಗುರುತಿನ ದಾರಿಯಾಚೆ ಹೋಗುವವರು ಮೂರು ಸಾಮಗ್ರಿ ಒಯ್ಯಲೇಬೇಕು: 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಟ್ರಾನ್ಸ್‌ಸೀವರ್, ಹಿಮದೊಳಗೆ ಚುಚ್ಚಿ ನೋಡುವ ಉದ್ದನೆಯ ಪ್ರೋಬ್ ಕಡ್ಡಿ ಮತ್ತು ಸಲಿಕೆ. ತಂಡದ ಪ್ರತಿಯೊಬ್ಬರ ಬಳಿಯೂ ಇವು ಇರಬೇಕು, ಬಳಸಿ ಅಭ್ಯಾಸವೂ ಆಗಿರಬೇಕು. ಹಿಮದಡಿ ಸಿಲುಕಿದವರನ್ನು ಮೊದಲ 10-15 ನಿಮಿಷದಲ್ಲಿ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು. ಅರ್ಧ ಗಂಟೆ ಕಳೆದರೆ ಅದು ತೀವ್ರವಾಗಿ ಕುಸಿಯುತ್ತದೆ. ಅಷ್ಟರೊಳಗೆ ಹೊರಗಿನ ನೆರವು ತಲುಪುವುದು ಕಷ್ಟ. ಕಾಪಾಡಬೇಕಾದವರು ಜೊತೆಗಾರರೇ.

ಪ್ರಯಾಣ ಹೇಗೆ? ಯಾವಾಗ?

ಶ್ರೀನಗರ ವಿಮಾನ ನಿಲ್ದಾಣದಿಂದ ಗುಲ್ಮಾರ್ಗ್‌ಗೆ 50 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ದೂರ. ಹಿಮ ಬಿದ್ದಾಗ ತಂಗ್‌ಮಾರ್ಗ್‌ನಿಂದ ಮೇಲಿನ ಸುಮಾರು 13 ಕಿ.ಮೀ. ದಾರಿಗೆ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನವೇ ಬೇಕು. ಹಿಮ, ಮಂಜು ಕವಿದರೆ ವಿಮಾನಗಳು ರದ್ದಾಗುತ್ತವೆ. ಆದ್ದರಿಂದ ವಾಪಸಾತಿಗೆ ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಿ. 2025ರ ಜೂನ್‌ನಲ್ಲಿ ಕಟ್ರಾ-ಶ್ರೀನಗರ ವಂದೇ ಭಾರತ್ ರೈಲು ಆರಂಭವಾಗಿರುವುದರಿಂದ ಈಗ ಇನ್ನೊಂದು ದಾರಿಯೂ ಇದೆ.

ಡಿಸೆಂಬರ್ 21ರಿಂದ ಜನವರಿ 30ರವರೆಗಿನ 40 ದಿನಗಳ ‘ಚಿಲ್ಲೈ ಕಲಾನ್’ ಕಾಶ್ಮೀರದ ಕಡುಚಳಿಯ ಕಾಲ. ಆದರೂ ಹಿಮ ಬೀಳುತ್ತದೆಂಬ ಖಾತರಿ ಇಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವಿಲ್ಲದೆ ಬರಿದಾಗಿತ್ತು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಕೂಟವನ್ನೇ ಮಾರ್ಚ್‌ಗೆ ಮುಂದೂಡಲಾಯಿತು. ರದ್ದು ಮಾಡಿದರೆ ಹಣ ಮರಳುವ ಬುಕಿಂಗ್ ಆರಿಸಿಕೊಳ್ಳಿ.

ಔಲಿಗೆ ಹೋಗುವವರು ಗಮನಿಸಿ: ಜೋಶಿಮಠದಲ್ಲಿ ಭೂಮಿ ಕುಸಿದ ಕಾರಣ 2023ರ ಜನವರಿಯಲ್ಲಿ ಅಲ್ಲಿನ ರೋಪ್‌ವೇ ನಿಲ್ಲಿಸಲಾಯಿತು. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಬೆಟ್ಟದ ದಾರಿ, ಒಂದು ಇಡೀ ದಿನ ಬೇಕು.

ಸಮುದ್ರಮಟ್ಟದ ಮುಂಬೈ, ಚೆನ್ನೈನಿಂದ ಒಂದೇ ದಿನದಲ್ಲಿ 2,650 ಮೀಟರ್ ಎತ್ತರದ ಗುಲ್ಮಾರ್ಗ್ ತಲುಪಿದರೆ ತಲೆನೋವು, ವಾಕರಿಕೆ ಕಾಡಬಹುದು. ಮೊದಲ ದಿನ ವಿಶ್ರಾಂತಿ ಇರಲಿ. ನೀರು ಹೆಚ್ಚು ಕುಡಿಯಿರಿ, ಮದ್ಯ ಬೇಡ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿ.

ಹೊರಡುವ ಮುನ್ನ ಇವನ್ನು ಖಚಿತಪಡಿಸಿಕೊಳ್ಳಿ

- ವಿಮೆ: ಅನೇಕ ಪ್ರವಾಸ ವಿಮೆಗಳಲ್ಲಿ ಸಾಹಸ ಕ್ರೀಡೆ ಸೇರಿರುವುದಿಲ್ಲ. ಪಾಲಿಸಿಯಲ್ಲಿ ‘ಸ್ಕೀಯಿಂಗ್’ ಎಂಬ ಪದ ಇದೆಯೇ, ಗುರುತಿನ ದಾರಿಯಾಚೆಗೂ ಅನ್ವಯಿಸುತ್ತದೆಯೇ ಓದಿ ನೋಡಿ.
- ಮೊಬೈಲ್: ಹೊರರಾಜ್ಯಗಳ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಬೇಕು.
- ಗೊಂಡೊಲಾ ಟಿಕೆಟ್: ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಿ. ಗಾಳಿ ಜೋರಾದರೆ ಎರಡನೇ ಹಂತ ಮುಚ್ಚುತ್ತಾರೆ.
- ದೇಹ: ಹೊರಡುವ ಒಂದು ತಿಂಗಳ ಮೊದಲೇ ಬಸ್ಕಿ, ಮೆಟ್ಟಿಲು ಹತ್ತುವುದು ಶುರು ಮಾಡಿ. ತೊಡೆಗೆ ಬಲ ಬಂದಷ್ಟೂ ಮೊಣಕಾಲಿಗೆ ಒಳ್ಳೆಯದು.
- ಸಮಯ: ದಣಿದ ಕಾಲು ಮಾತು ಕೇಳುವುದಿಲ್ಲ. ಸಂಜೆ ‘ಇನ್ನೊಂದೇ ಒಂದು ಸಲ’ ಎನಿಸಿದಾಗಲೇ ಸ್ಕೀ ಬಿಚ್ಚಿಡಿ.

ಮೊದಲ ಪ್ರವಾಸದಲ್ಲಿ ಸಣ್ಣ ಇಳಿಜಾರಿನಲ್ಲಿ ಸರಿಯಾಗಿ ನಿಲ್ಲಲು, ತಿರುಗಲು ಕಲಿತರೆ ಅಷ್ಟೇ ಸಾಕು. ಅಫರ್ವಾಟ್ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.