ಸಿಲಿಕಾನಿಗೆ ಬಣ್ಣ ಕಾಣದು

ಹೊಸ ಕ್ಯಾಮೆರಾಗಳು ಅಂಗಡಿಯಲ್ಲಿ ಸಾಲುಗಟ್ಟಿ ನಿಂತಿರುವಾಗಲೂ, ೨೦೦೩ರ ಒಲಿಂಪಸ್ ಇ-೧ ಅಥವಾ ೨೦೦೯ರ ಲೈಕಾ ಎಂ೯ರಂತಹ ಹಳೆಯ ಡಿಜಿಟಲ್ ಯಂತ್ರಗಳನ್ನು ಹುಡುಕಿ ಕೊಳ್ಳುವ ರಸಿಕರುಂಟು. ಕೆಂಪಿನ ಗಾಂಭೀರ್ಯ, ಮುಖವರ್ಣದ ಸ್ನಿಗ್ಧತೆ, ಫಿಲ್ಮಿನ ಛಾಯೆ ಇವೆಲ್ಲ ಹಳೆಯ ಸಿಸಿಡಿ ಸಂವೇದಕದೊಡನೆಯೇ ಅಸ್ತಂಗತವಾದವೆಂದೂ, ಅನಂತರ ಬಂದ ಸಿಮಾಸ್ ಸಂವೇದಕ ಬಣ್ಣವನ್ನು ನೀರಸಗೊಳಿಸಿತೆಂದೂ ಅವರ ವಾದ. ಅವರ ಕಣ್ಣನ್ನು ನಾನು ಅನುಮಾನಿಸುವವನಲ್ಲ. ಅವರು ಹೇಳುವ ಕಾರಣವನ್ನು ಮಾತ್ರ ಒಪ್ಪಲಾರೆ.

೧೯೬೯ರಲ್ಲಿ ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ ಕಲ್ಪಿಸಿದ ಸಿಸಿಡಿಯಾಗಲಿ, ಇಂದಿನ ಸಿಮಾಸ್ ಆಗಲಿ, ಬಿದ್ದ ಬೆಳಕನ್ನು ವಿದ್ಯುದಂಶವಾಗಿ ಪರಿವರ್ತಿಸಿ ಅಳೆಯುವುವೇ ಹೊರತು ಅದರ ವರ್ಣವನ್ನರಿಯವು. ಬೆಂಕಿ ಆರಿಸುವವರು ಸಾಲಾಗಿ ನಿಂತು ಕೊಡವನ್ನು ಕೈಯಿಂದ ಕೈಗೆ ದಾಟಿಸುವಂತೆ ಸಿಸಿಡಿಯು ವಿದ್ಯುದಂಶವನ್ನು ಕೋಶದಿಂದ ಕೋಶಕ್ಕೆ ಸಾಗಿಸಿ ಅಂಚಿನಲ್ಲಿ ಅಳೆಯುವುದು. ಸಿಮಾಸಿನಲ್ಲಿ ಪ್ರತಿ ಕೋಶಕ್ಕೂ ತನ್ನದೇ ವರ್ಧಕವುಂಟು. ಭೇದವೆಲ್ಲ ಸಾಗಾಟದ್ದು.

ಬಣ್ಣ ಹುಟ್ಟುವುದು ಸಿಲಿಕಾನಿನ ಮೇಲೆ ಹಾಸಿದ ಕೆಂಪು, ಹಸುರು, ನೀಲಿಯ ಸೂಕ್ಷ್ಮ ಶೋಧಕಗಳಲ್ಲಿ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ೧೯೭೬ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸದಲ್ಲಿ, ನಮ್ಮ ಕಣ್ಣು ಹಸುರಿನ ಬೆಳಕಿಗೆ ಹೆಚ್ಚು ಸ್ಪಂದಿಸುವುದರಿಂದ, ನಾಲ್ಕು ಕೋಶಗಳಿಗೆ ಎರಡು ಹಸುರಿನವು. ಈ ಶೋಧಕಗಳ ವರ್ಣದ್ರವ್ಯ ಗಾಢವಾದಷ್ಟೂ ಬಣ್ಣಗಳು ಸ್ಪಷ್ಟವಾಗಿ ಬೇರ್ಪಡುವುವು, ಆದರೆ ಬೆಳಕು ನಷ್ಟವಾಗುವುದು. ತೆಳುವಾದರೆ ಮಬ್ಬಿನಲ್ಲೂ ಚಿತ್ರ ದೊರಕುವುದು, ಆದರೆ ಒಂದು ಬಣ್ಣದ ಪಾಲು ಇನ್ನೊಂದರಲ್ಲಿ ಸೇರಿಹೋಗಿ, ಮತ್ತೆ ಗಣಿತದಿಂದ ಬಿಡಿಸಿಕೊಳ್ಳಬೇಕಾಗುವುದು. ಯಾವ ಶೋಧಕವೂ ಮಾನವನೇತ್ರದ ಸ್ಪಂದನವನ್ನು ಯಥಾವತ್ತಾಗಿ ಅನುಸರಿಸದು. ಆದುದರಿಂದಲೇ ಕಣ್ಣಿಗೆ ಒಂದೇ ಬಣ್ಣವಾಗಿ ತೋರುವ ಎರಡು ವಸ್ತ್ರಗಳು ಚಿತ್ರದಲ್ಲಿ ಬೇರೆಬೇರೆಯಾಗಿ ಮೂಡುವುದುಂಟು.

ಬಣ್ಣದ ಗುಟ್ಟು ಸಂವೇದಕದಲ್ಲಲ್ಲ, ಅದರ ಮುಂದಿನ ಶೋಧಕದಲ್ಲಿದೆ ಎಂಬುದಕ್ಕೆ ಪ್ರಬಲ ಸಾಕ್ಷ್ಯವೆಂದರೆ ೨೦೦೬ರ ಲೈಕಾ ಎಂ೮. ಸಿಲಿಕಾನು ನಮಗೆ ಕಾಣದ ಅವಕೆಂಪು ಕಿರಣಗಳನ್ನೂ ಗ್ರಹಿಸುವುದರಿಂದ ಅದರ ಮುಂದೆ ತಡೆಗಾಜೊಂದಿರಬೇಕು. ಲೆನ್ಸು ಸಂವೇದಕಕ್ಕೆ ಅತಿಸಮೀಪವಿರುವ ಈ ಯಂತ್ರದಲ್ಲಿ, ಅಂಚಿನ ಸ್ಫುಟತೆ ಕೆಡದಿರಲೆಂದು ಆ ಗಾಜನ್ನು ತೀರ ತೆಳುವಾಗಿಟ್ಟರು. ಪರಿಣಾಮವಾಗಿ, ಅವಕೆಂಪನ್ನು ಪ್ರತಿಫಲಿಸುವ ಕೃತಕ ನೂಲಿನ ಕಪ್ಪು ಕೋಟುಗಳು ನೇರಳೆಯಾಗಿ ಮೂಡಿದವು! ಕಂಪನಿಯು ಕೊಂಡವರಿಗೆ ಲೆನ್ಸಿನ ಮೇಲೆ ತೊಡಿಸುವ ಶೋಧಕಗಳನ್ನು ಉಚಿತವಾಗಿ ಕೊಡಬೇಕಾಯಿತು. ಅದರೊಳಗಿದ್ದುದೂ ಕೊಡಾಕಿನ ಸಿಸಿಡಿಯೇ, ಬಣ್ಣಕ್ಕಾಗಿ ಇಂದು ಸ್ತುತಿಸಲ್ಪಡುವ ಎಂ೯ರಲ್ಲಿದ್ದುದೂ ಕೊಡಾಕಿನ ಸಿಸಿಡಿಯೇ. ಎಂ೯ರಲ್ಲಿ ಅವಕೆಂಪಿನ ತಡೆಯನ್ನು ಬಲಪಡಿಸಿದ್ದರು.

ಇನ್ನುಳಿದುದು ತಯಾರಕರ ಅಭಿರುಚಿ: ಬಿಳುಪಿನ ಸಮತೋಲನ, ನೆರಳು ಬೆಳಕುಗಳ ಏರಿಳಿತ, ಚರ್ಮವನ್ನು ಎಷ್ಟು ಹೊನ್ನಾಗಿಸಬೇಕೆಂಬ ನಿರ್ಧಾರ. ಹಳೆಯ ಯಂತ್ರಗಳಲ್ಲಿ ನೆರಳು ಬೇಗನೆ ಕಪ್ಪಾಗುತ್ತಿದ್ದುದರಿಂದ ಬಣ್ಣಗಳು ಉಜ್ಜ್ವಲವಾಗಿ ತೋರುತ್ತಿದ್ದವು. ನೆರಳಿನ ವಿವರವನ್ನೂ ಉಳಿಸಿಕೊಳ್ಳುವ ಹೊಸ ಯಂತ್ರದ ಚಿತ್ರ ಪಕ್ಕದಲ್ಲಿಟ್ಟರೆ ಪೇಲವವೆನಿಸುವುದು ಸಹಜ. ದೀಪದ ಬೆಳಕಿನಲ್ಲಿ ಹಳೆಯ ಯಂತ್ರ ತಪ್ಪಿ ಬಳಿದ ಹಳದಿಯೂ ಇಂದು ಸೌಂದರ್ಯವೆನಿಸಿಕೊಂಡಿದೆ. ಆಗಲಿ, ಅದಕ್ಕೇನಂತೆ!

ಪರೀಕ್ಷಿಸಬಯಸುವವರು ೨೪ ಬಣ್ಣಗಳ ಪ್ರಮಾಣಫಲಕವನ್ನು ಒಂದೇ ಬೆಳಕಿನಲ್ಲಿ ಎರಡೂ ಕ್ಯಾಮೆರಾಗಳಿಂದ ಸಂಸ್ಕರಿಸದ 'ರಾ' ಕಡತವಾಗಿ ತೆಗೆದು, ಆ ಫಲಕಕ್ಕನುಗುಣವಾಗಿ ಎರಡನ್ನೂ ತಿದ್ದಿ ನೋಡಬಹುದು: ಅಂತರ ಬಹುಪಾಲು ಕರಗುವುದು. ಕೆಲವು ಗಾಢವರ್ಣಗಳು ಮಾತ್ರ ತಿದ್ದುಪಡಿಗೆ ಬಗ್ಗದೆ ಉಳಿದಾವು. ಅವುಗಳ ಮಟ್ಟಿಗೆ ಹಳೆಯ ಶೋಧಕವನ್ನು ಹೊಗಳುವವರ ಮಾತು ನಿಜ.