ಗಾಯ ಮಾಯ್ದ ಮೇಲೆ: ಯೋಧರ ಮೈ-ಮನಗಳ ಆರೈಕೆ

ಗಡಿಯಲ್ಲಿ ಗಾಯಗೊಂಡು ಊರಿಗೆ ಮರಳಿದ ಯೋಧನನ್ನು ನಮ್ಮ ಗ್ರಾಮಗಳು ಅಭಿಮಾನದಿಂದ ಎದುರುಗೊಳ್ಳುತ್ತವೆ. ತೆರೆದ ವಾಹನದಲ್ಲಿ ಮೆರವಣಿಗೆ, ಶಾಲಾ ಮಕ್ಕಳ ಜಯಘೋಷ, ಮಠದ ವೇದಿಕೆಯ ಮೇಲೆ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ. ಇದೆಲ್ಲವೂ ಯೋಗ್ಯವಾದ ಗೌರವವೇ ಸರಿ. ಆದರೆ ಸನ್ಮಾನ ಒಂದು ದಿನದ್ದು. ಗಾಯ ಬಾಳಿನುದ್ದಕ್ಕೂ ಇರುವಂಥದು. ಗಾಯ ಮಾಯ್ದಿದೆ ಎಂದು ವೈದ್ಯರು ಬರೆದುಕೊಟ್ಟು ಮನೆಗೆ ಕಳುಹಿಸಿದ ದಿನದಿಂದಲೇ ಇನ್ನೊಂದು ಚಿಕಿತ್ಸೆ ಆರಂಭವಾಗುತ್ತದೆ. ಆ ಚಿಕಿತ್ಸೆ ನಡೆಯಬೇಕಾದದ್ದು ಮನೆಯ ಪಡಸಾಲೆಯಲ್ಲಿ, ಊರಿನ ಓಣಿಯಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಕೊಡಗು ಮುಂತಾದ ಜಿಲ್ಲೆಗಳ ಅನೇಕ ಮನೆಗಳಿಂದ ಮಕ್ಕಳು ಸೇನೆಗೆ ಸೇರುತ್ತಿರುವಾಗ, ಈ ಆರೈಕೆಯ ತಿಳಿವಳಿಕೆ ಪ್ರತಿಯೊಂದು ಗ್ರಾಮಕ್ಕೂ ಬೇಕಾಗಿದೆ.

ಕಾಲು ಕಳೆದುಕೊಂಡವರ ನಿತ್ಯದ ಆರೈಕೆ

ನೆಲಬಾಂಬು, ಶೆಲ್ಲು, ಗುಂಡುಗಳಿಂದ ಕಾಲು ಛಿದ್ರವಾದಾಗ ಜೀವ ಉಳಿಸಲು ಅದನ್ನು ತೆಗೆಯಬೇಕಾಗಿ ಬರುತ್ತದೆ. ಅಂಥವರಿಗಾಗಿ ಪುಣೆಯಲ್ಲಿ 1944ರಿಂದ ಸೇನೆಯ ಕೃತಕ ಅಂಗ ಕೇಂದ್ರ ನಡೆಯುತ್ತಿದೆ. ಕೃತಕ ಕಾಲು ಬಂದಿತೆಂದರೆ ಎಲ್ಲವೂ ಮುಗಿಯಿತೆಂದು ಮನೆಯವರು ಭಾವಿಸುವುದುಂಟು. ವಾಸ್ತವ ಹಾಗಿಲ್ಲ. ಉಳಿದ ಮೋಟುಭಾಗವು ಮೊದಲ ಕೆಲವು ತಿಂಗಳು ಸೊರಗುತ್ತ ಹೋಗುತ್ತದೆ. ಅದರ ಅಳತೆ ಬದಲಾದಂತೆ ಕಾಲಿನ ಬಟ್ಟಲನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಸಡಿಲವಾದ ಕಾಲನ್ನೇ ಕಟ್ಟಿಕೊಂಡು ಹೊಲಕ್ಕೆ ನಡೆದರೆ ಚರ್ಮ ತಿಕ್ಕಿ ಹುಣ್ಣಾಗುತ್ತದೆ.

ಆದುದರಿಂದ ಪ್ರತಿ ರಾತ್ರಿ ಮೋಟುಭಾಗವನ್ನು ಸೌಮ್ಯವಾದ ಸಾಬೂನಿನಿಂದ ತೊಳೆದು, ಪೂರ್ಣ ಒರೆಸಿ, ಗಾಳಿಗೆ ಆರಲು ಬಿಡಬೇಕು. ಕೆಳಭಾಗ ಕಣ್ಣಿಗೆ ಕಾಣದಾದ್ದರಿಂದ ಚಿಕ್ಕ ಕನ್ನಡಿ ಹಿಡಿದು ಕೆಂಪು, ಗುಳ್ಳೆ, ಬಿರುಕು ಇವೆಯೇ ಎಂದು ನೋಡಬೇಕು. ಹುಣ್ಣು ಕಂಡರೆ ಅದು ಮಾಯುವ ತನಕ ಕೃತಕ ಕಾಲು ಧರಿಸಬಾರದು. ಮೊಣಕಾಲಿನ ಕೆಳಗೆ ಕಾಲು ತೆಗೆದವರಿಗೆ ಮನೆಯವರು ಪ್ರೀತಿಯಿಂದ ಮೊಣಕಾಲಡಿ ದಿಂಬಿಡುತ್ತಾರೆ. ಇದು ತಪ್ಪು ಉಪಚಾರ. ಬಹುಕಾಲ ಹೀಗಿಟ್ಟರೆ ಕೀಲು ಮಡಿಚಿದಂತೆಯೇ ಬಿಗಿದು, ಮುಂದೆ ಕೃತಕ ಕಾಲಿನಲ್ಲಿ ನಡೆಯುವುದೇ ಕಷ್ಟವಾಗುತ್ತದೆ.

ಇಲ್ಲದ ಕಾಲು ನೋಯುವುದು ಇನ್ನೊಂದು ವಿಚಿತ್ರ ಸಂಕಟ. ಹೋದ ಪಾದದ ಬೆರಳು ಉರಿಯುತ್ತಿದೆ, ಯಾರೋ ತಿರುಚುತ್ತಿದ್ದಾರೆ ಎಂದು ಯೋಧ ಹೇಳಿದರೆ ಕೇಳಿದವರಿಗೆ ಅದು ಭ್ರಮೆಯೆನಿಸುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳನ್ನು ಕಂಡ ವೈದ್ಯ ಸೈಲಾಸ್ ವೇರ್ ಮಿಚೆಲ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ವಿವರಿಸಿ, ‘ಭೂತ ಅಂಗ’ ಎಂಬ ಅರ್ಥದ ಹೆಸರಿಟ್ಟರು. ಅಂಗ ಹೋದರೂ ಅದರ ನಕ್ಷೆ ಮಿದುಳಿನಲ್ಲಿ ಉಳಿದಿರುತ್ತದೆ. ತುಂಡಾದ ನರಗಳೂ ಸಂದೇಶ ಕಳುಹಿಸುತ್ತಲೇ ಇರುತ್ತವೆ. ತಮಿಳುನಾಡಿನಲ್ಲಿ ಜನಿಸಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿಯ ಚಿಕಿತ್ಸೆಯನ್ನು ರೂಪಿಸಿದರು. ಇರುವ ಅಂಗದ ಪ್ರತಿಬಿಂಬವನ್ನು ಇಲ್ಲದ ಅಂಗದ ಸ್ಥಾನದಲ್ಲಿ ಕಾಣುವಂತೆ ಕನ್ನಡಿಯಿಟ್ಟು ಚಲನೆ ಮಾಡಿಸಿದಾಗ ಕೆಲವರ ನೋವು ತಗ್ಗುತ್ತದೆ. ನರದ ನೋವಿಗೆ ಬೇರೆ ಔಷಧಗಳೂ ಇವೆ. ಈ ನೋವು ಸುಳ್ಳಲ್ಲ ಎಂದು ಮನೆಯವರು ನಂಬುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಉಪಚಾರ.

ಬೆನ್ನುಹುರಿಗೆ ಪೆಟ್ಟಾದಾಗ

ಬೆನ್ನುಹುರಿ ತುಂಡಾದವರಿಗೆ ಸೊಂಟದ ಕೆಳಗೆ ಸ್ಪರ್ಶಜ್ಞಾನವಿರುವುದಿಲ್ಲ. ನೋವು ತಿಳಿಯದಿರುವುದೇ ಅವರಿಗೆ ಅಪಾಯ. ಒಂದೇ ಮಗ್ಗುಲಲ್ಲಿ ಮಲಗಿದರೆ ಎಲುಬು ಒತ್ತಿದ ಕಡೆ ರಕ್ತಸಂಚಾರ ನಿಂತು ಆಳವಾದ ಒತ್ತಡದ ಹುಣ್ಣಾಗುತ್ತದೆ. ಅದರಿಂದ ರಕ್ತಕ್ಕೆ ನಂಜೇರಿ ಪ್ರಾಣವೇ ಹೋಗಬಹುದು. ಹಾಸಿಗೆಯಲ್ಲಿರುವಾಗ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಾಲಿಕುರ್ಚಿಯಲ್ಲಿರುವಾಗ ಆಗಾಗ ಕೈಯೂರಿ ಮೈ ಮೇಲೆತ್ತಬೇಕು ಅಥವಾ ಮುಂದಕ್ಕೆ, ಪಕ್ಕಕ್ಕೆ ಬಾಗಿ ಒತ್ತಡ ಬದಲಿಸಬೇಕು. ಮೂತ್ರದ ನಳಿಕೆಯ ಶುಚಿತ್ವದಲ್ಲಿ ಅಲಕ್ಷ್ಯ ಸಲ್ಲದು.

ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಒಮ್ಮೆಲೇ ಸಿಡಿಯುವಂಥ ತಲೆನೋವು, ಮುಖದಲ್ಲಿ ಬೆವರು, ಏರಿದ ರಕ್ತದೊತ್ತಡ ಕಾಣಿಸಿಕೊಂಡರೆ ಅದನ್ನು ಸಾಮಾನ್ಯ ತಲೆಶೂಲೆಯೆಂದು ತಿಳಿಯಬಾರದು. ಬಹುತೇಕ ಮೂತ್ರನಳಿಕೆ ಕಟ್ಟಿಕೊಂಡಿರುವುದೇ ಇದಕ್ಕೆ ಕಾರಣವಾಗಿರುತ್ತದೆ. ತಕ್ಷಣ ಎಬ್ಬಿಸಿ ಕುಳ್ಳಿರಿಸಿ, ಬಿಗಿಯುಡುಪು ಸಡಿಲಿಸಿ, ನಳಿಕೆ ಪರೀಕ್ಷಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಪುಣೆಯ ಖಡ್ಕಿಯಲ್ಲಿ 1974ರಲ್ಲಿ ಆರಂಭವಾದ ಪಾರ್ಶ್ವವಾಯುಪೀಡಿತ ಯೋಧರ ಪುನರ್ವಸತಿ ಕೇಂದ್ರದಲ್ಲಿ ಇಂಥವರು ಗಾಲಿಕುರ್ಚಿಯಲ್ಲಿ ಕುಳಿತೇ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಕೈಗಳೂ ಸ್ವಾಧೀನದಲ್ಲಿಲ್ಲದವರು ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುತ್ತಾರೆ. ಇದು ಕಾಲಹರಣದ ವಿನೋದವಲ್ಲ, ಬದುಕನ್ನು ಮರಳಿ ಕೈಗೆತ್ತಿಕೊಳ್ಳುವ ಸಾಧನೆ.

ಕಾಣದ ಗಾಯಗಳು

ಸ್ಫೋಟದ ಸಮೀಪದಲ್ಲಿದ್ದವನ ಮೈಮೇಲೆ ಒಂದು ಗೀರೂ ಇಲ್ಲದಿರಬಹುದು. ಆದರೆ ಸ್ಫೋಟದ ಗಾಳಿಯ ಒತ್ತಡಕ್ಕೆ ಕಿವಿಯ ತಮಟೆ ಹರಿದು ಕಿವುಡು ಬರುತ್ತದೆ. ಹಗಲಿರುಳೂ ಕಿವಿಯಲ್ಲಿ ಗುಂಯ್‌ಗುಟ್ಟುತ್ತದೆ. ಮಿದುಳಿಗೆ ಪೆಟ್ಟು ತಗುಲಿದ್ದರೆ ಮರೆವು, ತಲೆನೋವು, ಬೆಳಕು ಸಹಿಸಲಾಗದಿರುವುದು, ಸಣ್ಣ ಮಾತಿಗೂ ಸಿಡುಕುವುದು ಕಾಣಿಸುತ್ತವೆ. ಕೂಗಿದರೆ ಓಗೊಡುವುದಿಲ್ಲ, ಹೇಳಿದ್ದು ನೆನಪಿಡುವುದಿಲ್ಲ, ಸೈನ್ಯಕ್ಕೆ ಹೋಗಿ ಸೊಕ್ಕು ಬಂದಿದೆ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಅದು ಸೊಕ್ಕಲ್ಲ, ಗಾಯ. ಕಿವಿ ಮತ್ತು ನರರೋಗ ತಜ್ಞರಲ್ಲಿ ಪರೀಕ್ಷೆ ಮಾಡಿಸಿದರೆ ಎಷ್ಟೋ ಮನೆಗಳ ಮನಸ್ತಾಪ ಅಲ್ಲಿಗೇ ನಿಲ್ಲುತ್ತದೆ.

ಮನಸ್ಸಿನ ಗಾಯ ಇನ್ನೂ ಗೂಢವಾದುದು. ಮೊದಲ ಮಹಾಯುದ್ಧದಲ್ಲಿ ನಡುಗುವ, ಮಾತು ನಿಂತುಹೋದ ಸೈನಿಕರನ್ನು ಕಂಡು ವೈದ್ಯರು ಅದನ್ನು ‘ಶೆಲ್ ಆಘಾತ’ ಎಂದು ಕರೆದರು; ಹಲವರನ್ನು ಹೇಡಿಗಳೆಂದು ಶಿಕ್ಷಿಸಿದ್ದೂ ಉಂಟು. ವಿಯೆಟ್ನಾಂ ಯುದ್ಧದ ಅನುಭವದ ಬಳಿಕ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಆಘಾತೋತ್ತರ ಮಾನಸಿಕ ಒತ್ತಡವನ್ನು ತನ್ನ ರೋಗಪಟ್ಟಿಯಲ್ಲಿ ಸೇರಿಸಿತು. ಇದರ ಲಕ್ಷಣಗಳನ್ನು ನಾಲ್ಕು ಬಗೆಯಾಗಿ ಗುರುತಿಸಬಹುದು. ನಡೆದುದು ಕನಸಿನಲ್ಲಿಯೂ ಎಚ್ಚರದಲ್ಲಿಯೂ ಮತ್ತೆ ನಡೆದಂತೆ ತೋರುವುದು ಮೊದಲನೆಯದು. ಅದನ್ನು ನೆನಪಿಸುವ ಜನ, ಜಾಗ, ಮಾತುಗಳಿಂದ ದೂರ ಸರಿಯುವುದು ಎರಡನೆಯದು. ತನ್ನ ಸಂಗಾತಿ ಸತ್ತು ತಾನು ಉಳಿದೆನೆಂಬ ಅಪರಾಧಿ ಭಾವ, ಯಾವುದರಲ್ಲಿಯೂ ರುಚಿಯಿಲ್ಲದಿರುವುದು ಮೂರನೆಯದು. ನಿದ್ರೆಯಿಲ್ಲದೆ ಸದಾ ಕಾವಲು ನಿಂತವನಂತೆ ಬೆಚ್ಚುವುದು ನಾಲ್ಕನೆಯದು. ಇವು ಒಂದು ತಿಂಗಳು ಮೀರಿ ಉಳಿದು ಬಾಳ್ವೆಗೆ ಅಡ್ಡಿಯಾದರೆ ಚಿಕಿತ್ಸೆ ಬೇಕು. ಕೆಲವರಲ್ಲಿ ಇದು ಪೂರ್ಣವಾಗಿ ತೋರುವುದು ಆರು ತಿಂಗಳು ಕಳೆದ ಮೇಲೆ.

ರಥೋತ್ಸವದ ಮದ್ದು, ದೀಪಾವಳಿಯ ಪಟಾಕಿ ನಮಗೆ ಸಂಭ್ರಮ. ಇಂಥವನಿಗೆ ಅದು ಮತ್ತೆ ರಣಾಂಗಣ. ಶೂರನಾದವನು ಪಟಾಕಿಗೆ ಹೆದರುವನೇ ಎಂದು ನಗುವುದು ಅಜ್ಞಾನ. ಮದ್ದು ಹಾರಿಸುವ ಹೊತ್ತನ್ನು ಮೊದಲೇ ತಿಳಿಸಿದರೆ ಅವನು ಮನಸ್ಸನ್ನು ಸಿದ್ಧಗೊಳಿಸಿಕೊಳ್ಳುತ್ತಾನೆ. ಮಲಗಿರುವವನನ್ನು ಮೈ ಅಲುಗಿಸಿ ಎಬ್ಬಿಸದೆ, ತುಸು ದೂರ ನಿಂತು ಹೆಸರು ಹಿಡಿದು ಕರೆಯಬೇಕು. ಯುದ್ಧದಲ್ಲಿ ಎಷ್ಟು ಜನರನ್ನು ಕೊಂದೆ ಎಂದು ಕುತೂಹಲಕ್ಕೆ ಯಾರೂ ಕೇಳಬಾರದು. ಅವನಾಗಿಯೇ ಹೇಳಿದರೆ ನಡುವೆ ತಡೆಯದೆ, ತೀರ್ಪು ಕೊಡದೆ ಕೇಳಬೇಕು.

ಚಿಕಿತ್ಸೆ ಮತ್ತು ಸಾಧನೆ

ಈ ರೋಗಕ್ಕೆ ಚಿಕಿತ್ಸೆಯುಂಟು. ತರಬೇತಿ ಹೊಂದಿದ ತಜ್ಞರು ಆ ಭಯಂಕರ ನೆನಪನ್ನು ಸುರಕ್ಷಿತ ವಾತಾವರಣದಲ್ಲಿ ಹಂತಹಂತವಾಗಿ ಎದುರಿಸುವಂತೆ ಮಾಡುವ ಮಾತಿನ ಚಿಕಿತ್ಸೆ ಫಲಕಾರಿಯಾಗಿದೆ. ಅಗತ್ಯವಿದ್ದರೆ ಔಷಧಗಳನ್ನೂ ಕೊಡುತ್ತಾರೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಉಚಿತ ದೂರವಾಣಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮಾರ್ಗದರ್ಶಿ. 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿವೃತ್ತ ಯೋಧರಿಗೂ ಅವರ ಕುಟುಂಬಕ್ಕೂ 2003ರಿಂದ ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆಯಿದೆ. ಪಿಂಚಣಿ, ನೆರವುಗಳ ವಿಚಾರಕ್ಕೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯನ್ನು ಕಾಣಬೇಕು.

ನಿದ್ರೆ ಬಾರದವನು ಮದ್ಯದ ಮೊರೆಹೊಗುವುದುಂಟು. ಮೊದಲಿಗೆ ಅದು ಮರೆವಿನ ಮದ್ದಿನಂತೆ ತೋರಿ, ಬಳಿಕ ಇದ್ದ ನಿದ್ರೆಯನ್ನೂ ಕೆಡಿಸುತ್ತದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆಯೊಡ್ಡಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಬೈದು ಅವಮಾನಿಸದೆ, ಮನೆಬಾಗಿಲಿಗೆ ಹೋಗಿ ಕೈಯೊಡ್ಡಿ ಕೇಳುವ ಆ ರೀತಿ ಇಲ್ಲಿಯೂ ಮಾದರಿಯಾಗಬೇಕು. ಒಂದು ಎಚ್ಚರಿಕೆ: ಬಹುಕಾಲದಿಂದ ಅತಿಯಾಗಿ ಕುಡಿಯುವವರು ಥಟ್ಟನೆ ಬಿಟ್ಟರೆ ನಡುಕ, ಅಪಸ್ಮಾರದಂಥ ಸೆಳೆತ ಬರಬಹುದು. ಆದ್ದರಿಂದ ವೈದ್ಯರ ನಿಗಾದಲ್ಲಿ ಬಿಡಿಸುವುದು ಕ್ಷೇಮ.

ಬದುಕು ಸಾಕೆನ್ನುವ ಮಾತು ಅವನ ಬಾಯಲ್ಲಿ ಬಂದರೆ ಅಲಕ್ಷಿಸಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬಹುದು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಬದಲಾಗಿ ಭಾರ ಇಳಿಯುತ್ತದೆ. ಅನೇಕ ನಿವೃತ್ತ ಸೈನಿಕರು ಕಾವಲು ಕೆಲಸದಲ್ಲಿದ್ದು ಪರವಾನಗಿಯ ಬಂದೂಕು ಹೊಂದಿರುತ್ತಾರೆ. ಅಂಥ ಹೊತ್ತಿನಲ್ಲಿ ಬಂದೂಕು, ಕ್ರಿಮಿನಾಶಕಗಳು ಮನೆಯಿಂದ ದೂರವಿರಬೇಕು, ಅವನು ಒಂಟಿಯಾಗಿರಬಾರದು.

ಧ್ಯಾನ, ಪ್ರಾಣಾಯಾಮಗಳು ಚಿಕಿತ್ಸೆಗೆ ಬದಲಿಯಲ್ಲ, ಒತ್ತಾಸೆ. ಆಘಾತವುಂಡ ಕೆಲವರಿಗೆ ಕಣ್ಣು ಮುಚ್ಚಿದೊಡನೆಯೇ ಆ ದೃಶ್ಯಗಳು ಎದ್ದುಬರುತ್ತವೆ; ಅಂಥವರನ್ನು ಒತ್ತಾಯಿಸಬಾರದು. ಕರಸ್ಥಲದ ಇಷ್ಟಲಿಂಗದಲ್ಲಿ ತೆರೆದ ದೃಷ್ಟಿಯನ್ನು ನಿಲ್ಲಿಸುವ ನಮ್ಮ ಪದ್ಧತಿ ಅವರಿಗೆ ಸುಲಭವಾದೀತು. ಅದನ್ನೂ ಕೆಲವೇ ನಿಮಿಷಗಳಿಂದ, ಅವರ ಇಷ್ಟದಂತೆ ಆರಂಭಿಸಬೇಕು.

ಕನಿಕರಕ್ಕಿಂತ ಕಾಯಕ

ಮೊದಲ ಮಹಾಯುದ್ಧದಲ್ಲಿ ಅಂಗಹೀನರಾದ ಭಾರತೀಯ ಸೈನಿಕರಿಗೆ ಕೆಲಸ ಕಲಿಸಲೆಂದು 1917ರಲ್ಲಿಯೇ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಸ್ಥಾಪನೆಯಾಯಿತು. ಅದು ಇಂದಿಗೂ ಖಡ್ಕಿಯಲ್ಲಿ ನಡೆಯುತ್ತಿದೆ. ನಮ್ಮ ಬೆಳಗಾವಿಯ ನೆರೆಯ ಸಾಂಗಲಿ ಜಿಲ್ಲೆಯ ಮುರಳಿಕಾಂತ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡುಗಳಿಂದ ಘಾಸಿಗೊಂಡರು. ಅದಕ್ಕೂ ಮುನ್ನ ಮುಷ್ಟಿಯುದ್ಧ ಪಟುವಾಗಿದ್ದ ಅವರು ನೀರಿಗಿಳಿದು, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. 2002ರಲ್ಲಿ ನೆಲಬಾಂಬಿಗೆ ಎಡಗಾಲು ಕಳೆದುಕೊಂಡ ನಾಗಾಲ್ಯಾಂಡಿನ ಸೈನಿಕ ಹೊಕಾಟೊ ಸೆಮಾ, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಗುಂಡು ಎಸೆದು ಕಂಚು ಗೆದ್ದರು. ಗಾಯದಿಂದ ಪದಕದವರೆಗೆ ಅವರು ಸವೆಸಿದ ಹಾದಿ ಇಪ್ಪತ್ತೆರಡು ವರ್ಷಗಳದು ಎಂಬುದನ್ನು ಮರೆಯಬಾರದು. ಎಲ್ಲರೂ ಪದಕ ಗೆಲ್ಲಬೇಕಿಲ್ಲ. ಊರ ಸಹಕಾರ ಸಂಘದ ಲೆಕ್ಕ, ಶಾಲೆಯ ಮಕ್ಕಳಿಗೆ ಕವಾಯತು, ಹೈನುಗಾರಿಕೆ, ಯಾವುದಾದರೂ ಸರಿ. ತನ್ನಿಂದ ನಾಲ್ವರಿಗೆ ಉಪಯೋಗವಿದೆ ಎಂಬ ಅರಿವು ಮನಸ್ಸಿಗೆ ಬಲ ಕೊಡುತ್ತದೆ. ಶರಣರು ಕಾಯಕಕ್ಕೆ ಕೊಟ್ಟ ಘನತೆಯ ಅರ್ಥ ಇಂಥವರ ಬಾಳಿನಲ್ಲಿ ನಿಚ್ಚಳವಾಗುತ್ತದೆ.

ಯೋಧನ ಧರ್ಮಪತ್ನಿಯನ್ನು ನಾವು ವಿಶೇಷವಾಗಿ ನೆನೆಯಬೇಕು. ರಾತ್ರಿ ಎದ್ದು ಮಗ್ಗುಲು ಬದಲಿಸುವವಳು, ಅವನ ಸಿಡುಕನ್ನು ಸಹಿಸುವವಳು, ಮಕ್ಕಳಿಗೆ ಸಮಾಧಾನ ಹೇಳುವವಳು ಅವಳೇ. ವಾರಕ್ಕೊಮ್ಮೆಯಾದರೂ ನೆರೆಯವರೋ ಬಂಧುಗಳೋ ಅರ್ಧ ದಿನ ಆ ಹೊಣೆ ಹೊತ್ತು ಅವಳಿಗೆ ಬಿಡುವು ಕೊಟ್ಟರೆ ಅದೇ ಶ್ರೇಷ್ಠ ದಾಸೋಹ.

ಮಠಮಾನ್ಯಗಳೂ ಮಾಡಬಹುದಾದ ಕಾರ್ಯವಿದೆ. ಮಹಾದ್ವಾರದ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿ ಏರುವಂಥ ಇಳಿಜಾರು ದಾರಿ, ದಾಸೋಹದ ಪಂಕ್ತಿಯಲ್ಲಿ ನೆಲಕ್ಕೆ ಕೂರಲಾಗದವರಿಗೆ ಬೇರೆಯಾಗಿಸದೆ ಅಲ್ಲಿಯೇ ಒಂದು ಮೇಜು, ಕೈಹಿಡಿಕೆಯುಳ್ಳ ಶೌಚಾಲಯ. ಇವಕ್ಕೆ ಆಗುವ ವೆಚ್ಚ ಅಲ್ಪ. ಶಾಲು ಹೊದಿಸಿದ ಯೋಧನು ಮರುವರ್ಷ ಯಾರ ಹೆಗಲನ್ನೂ ಆಶ್ರಯಿಸದೆ ತಾನಾಗಿಯೇ ಗದ್ದುಗೆಯ ದರ್ಶನಕ್ಕೆ ಬರುವಂತಾದರೆ, ಆ ಸನ್ಮಾನ ಅಂದು ಪೂರ್ಣವಾದಂತೆ.